ಕೆನಡಾದ ಮೂಲನಿವಾಸಿಗಳ ಮೇಲೆ ಸರ್ಕಾರ ಬರೆದಿಟ್ಟ ಕಡತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾ ತನ್ನ ಮೂಲನಿವಾಸಿಗಳನ್ನು ಹೆಚ್ಚಾಗಿ ಕಾಗದದ ಮೂಲಕ ಆಳಿತು. ಯಾರು ಯಾವ ಜಾಗದಲ್ಲಿ ವಾಸಿಸಬೇಕು, ಯಾರ ಮಗು ಯಾವ ಶಾಲೆಗೆ ಹೋಗಬೇಕು, ಬೆಳೆದ ಗೋಧಿಯನ್ನು ಮಾರಲು ಯಾರ ಅಪ್ಪಣೆ ಬೇಕು ಎಂಬುದಕ್ಕೆಲ್ಲ ಒಂದೊಂದು ನಮೂನೆ, ಒಂದೊಂದು ಸಹಿ, ಒಂದೊಂದು ಕಡತ ಸಂಖ್ಯೆ ಇತ್ತು. ಆ ಕಾಗದಗಳಲ್ಲಿ ದೊಡ್ಡ ಪಾಲು ಇಂದಿಗೂ ಉಳಿದಿದೆ. ಈ ಕಡತಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇವು ಯಾವ ದಾಖಲೆಗಳು? ಬರೆದವರು ಯಾರು?

ಬಹುಪಾಲು ಇಂಡಿಯನ್ ವ್ಯವಹಾರಗಳ ಇಲಾಖೆಯ ಕಡತಗಳು. ಈ ಇಲಾಖೆಯ ಬೇರು 1755ರಲ್ಲಿದೆ. ಆಗ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ಬ್ರಿಟಿಷರಿಗೆ ಮೂಲನಿವಾಸಿಗಳ ಸ್ನೇಹ ಬೇಕಾಗಿತ್ತು. ಅದನ್ನು ನೋಡಿಕೊಳ್ಳಲೆಂದೇ ಅಧಿಕಾರಿಗಳನ್ನು ನೇಮಿಸಿದರು. ಯುದ್ಧಗಳು ಮುಗಿದ ಮೇಲೆ ಸ್ನೇಹದ ಅಗತ್ಯ ತೀರಿತು, ನೆಲದ ಅಗತ್ಯ ಬೆಳೆಯಿತು. 1860ರಲ್ಲಿ ಹೊಣೆ ಲಂಡನ್ನಿನಿಂದ ವಸಾಹತಿನ ಸರ್ಕಾರಕ್ಕೆ ಬಂತು. 1867ರ ಸಂವಿಧಾನ ಕಾಯ್ದೆಯ 91(24)ನೇ ವಿಧಿ ‘ಇಂಡಿಯನ್ನರು ಮತ್ತು ಇಂಡಿಯನ್ನರಿಗಾಗಿ ಕಾದಿರಿಸಿದ ಭೂಮಿ’ಯನ್ನು ಒಕ್ಕೂಟ ಸರ್ಕಾರದ ಅಧಿಕಾರಕ್ಕೆ ಒಪ್ಪಿಸಿತು. 1876ರಲ್ಲಿ ಇಂಡಿಯನ್ ಕಾಯ್ದೆ ಬಂತು, 1880ರಲ್ಲಿ ಪ್ರತ್ಯೇಕ ಇಲಾಖೆ ಆಯಿತು.

ಆಮೇಲೆ ಇಲಾಖೆ ಮನೆ ಬದಲಿಸುತ್ತಲೇ ಹೋಯಿತು. 1936ರಲ್ಲಿ ಗಣಿ ಮತ್ತು ಸಂಪನ್ಮೂಲ ಖಾತೆಯ ಒಂದು ಶಾಖೆ, 1950ರಲ್ಲಿ ಪೌರತ್ವ ಮತ್ತು ವಲಸೆ ಖಾತೆ, 1966ರಲ್ಲಿ ಉತ್ತರ ಪ್ರದೇಶಗಳ ಅಭಿವೃದ್ಧಿಯ ಜೊತೆ. ಎಲ್ಲಿಂದಲೂ ವಲಸೆ ಬಾರದ ಜನರ ಕಡತಗಳನ್ನು ವಲಸೆ ಖಾತೆಯ ಕೆಳಗೆ ಹುಡುಕಬೇಕಾಗಿ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಡುಕುವವರಿಗೆ ಇದರಲ್ಲಿ ಒಂದು ಸೂಚನೆಯೂ ಇದೆ: ಬೇಕಾದ ಕಡತ ಯಾವ ವರ್ಷದ್ದೋ ಆ ವರ್ಷ ಇಲಾಖೆ ಯಾರ ಅಧೀನದಲ್ಲಿತ್ತು ಎಂದು ಮೊದಲು ತಿಳಿದುಕೊಳ್ಳಿ.

‘ಇಂಡಿಯನ್’ ಎಂಬ ಪದವನ್ನು ಇನ್ನೂ ಏಕೆ ಬಳಸುತ್ತಿದ್ದೀರಿ?

ಕಾಯ್ದೆಯ, ಇಲಾಖೆಯ, ಕಡತದ ಹೆಸರಿನಲ್ಲಿ ಆ ಪದವಿರುವುದರಿಂದ. ಕೊಲಂಬಸನ ಕಾಲದ ತಪ್ಪು ತಿಳಿವಳಿಕೆಯಿಂದ ಬಂದ ಈ ಪದಕ್ಕೂ ಭಾರತಕ್ಕೂ ಸಂಬಂಧವಿಲ್ಲ. ಇಂದು ಕೆನಡಾದಲ್ಲಿ ಫಸ್ಟ್ ನೇಷನ್ಸ್, ಇನ್ಯುಯಿಟ್ (ಉತ್ತರದ ಹಿಮಪ್ರದೇಶದ ಜನ), ಮೇಟಿ (ಮೂಲನಿವಾಸಿ ಮತ್ತು ಐರೋಪ್ಯ ಮಿಶ್ರ ವಂಶದವರು) ಎಂಬ ಮೂರು ಹೆಸರುಗಳು ಬಳಕೆಯಲ್ಲಿವೆ. ಕಡತದ ಮಾತನ್ನು ಹೇಳುವಾಗ ಹಳೆಯ ಪದ, ಜನರ ಬಗ್ಗೆ ಹೇಳುವಾಗ ಅವರು ಒಪ್ಪುವ ಪದ ಎಂಬುದನ್ನು ನಾನು ಪಾಲಿಸುತ್ತೇನೆ. ಆದರೆ ಹುಡುಕಾಟದ ಪೆಟ್ಟಿಗೆಯಲ್ಲಿ ಹಳೆಯ ಪದಗಳನ್ನೇ ಹಾಕಬೇಕಾಗುತ್ತದೆ. ಗುಮಾಸ್ತ ಏನು ಬರೆದನೋ ಅದೇ ಸೂಚಿಯಲ್ಲಿ ಕುಳಿತಿದೆ.

ಈ ಕಡತಗಳು ಈಗ ಎಲ್ಲಿವೆ? ‘ಆರ್‌ಜಿ 10’ ಎಂದರೇನು?

ಒಟ್ಟಾವಾದ ‘ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾ’ ಸಂಸ್ಥೆಯಲ್ಲಿ. ರಾಷ್ಟ್ರೀಯ ಗ್ರಂಥಾಲಯವನ್ನೂ ರಾಷ್ಟ್ರೀಯ ಪತ್ರಾಗಾರವನ್ನೂ 2004ರಲ್ಲಿ ಒಂದುಗೂಡಿಸಿ ಇದನ್ನು ಕಟ್ಟಿದರು. ಅಲ್ಲಿ ಪ್ರತಿ ಇಲಾಖೆಯ ದಾಖಲೆಗೂ ಒಂದು ವರ್ಗ (ರೆಕಾರ್ಡ್ ಗ್ರೂಪ್) ಸಂಖ್ಯೆಯಿದೆ. ಇಂಡಿಯನ್ ವ್ಯವಹಾರಗಳದ್ದು ಆರ್‌ಜಿ 10. ಸಂಶೋಧಕರೂ ವಕೀಲರೂ ಮೂಲನಿವಾಸಿ ಸಮುದಾಯಗಳ ಹಿರಿಯರೂ ಅದನ್ನು ಈ ಸಂಖ್ಯೆಯಿಂದಲೇ ಕರೆಯುತ್ತಾರೆ.

ಒಳಗಿನ ಜೋಡಣೆ ಮೊದಲು ಗೊಂದಲ ಹುಟ್ಟಿಸುತ್ತದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲಾಖೆ ಟಪಾಲನ್ನು ಎರಡು ಸಾಲುಗಳಾಗಿ ವಿಂಗಡಿಸಿತು: ಪೂರ್ವ ಕೆನಡಾದ್ದು ಕೆಂಪು ಸರಣಿ, ಪಶ್ಚಿಮದ್ದು ಕಪ್ಪು ಸರಣಿ. ಕಡತಗಳಿಗೆ ಬಂದ ಕ್ರಮದಲ್ಲಿ ಸಂಖ್ಯೆ ಬೀಳುತ್ತಿತ್ತು. ಒಂದು ಸೇತುವೆಯ ದುರಸ್ತಿ, ಪಕ್ಕದಲ್ಲೇ ಒಬ್ಬ ವಿಧವೆಯ ಅರ್ಜಿ, ಅದರ ಪಕ್ಕದಲ್ಲಿ ಮೀಸಲು ಪ್ರದೇಶದ ಮರ ಕಡಿಯುವ ಪರವಾನಗಿ. ವಿಷಯವಾರು ವಿಂಗಡಣೆ ಬಂದದ್ದು 1920ರ ದಶಕದಲ್ಲಿ. ಅದಕ್ಕೂ ಹಿಂದಿನದನ್ನು ಹುಡುಕುವವರು ಸ್ಥಳದ ಹೆಸರು, ಏಜೆಂಟನ (ಮೀಸಲು ಪ್ರದೇಶಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯ ಸ್ಥಳೀಯ ಅಧಿಕಾರಿ) ಹೆಸರು, ವರ್ಷ ಈ ಮೂರನ್ನು ಹಿಡಿದುಕೊಂಡು ಹೊರಡುವುದು ಒಳ್ಳೆಯದು. ಸಾಕಷ್ಟು ಸಂಪುಟಗಳ ಮೈಕ್ರೊಫಿಲ್ಮ್ ಈಗ ಅಂತರಜಾಲದಲ್ಲಿದೆ. 1864ರಿಂದ 1990ರವರೆಗಿನ ಇಲಾಖೆಯ ವಾರ್ಷಿಕ ವರದಿಗಳೂ ಇವೆ. ಹೊಸಬರು ವಾರ್ಷಿಕ ವರದಿಯಿಂದಲೇ ಶುರು ಮಾಡಲಿ. ಆದರೆ ಅವು ಸಂಸತ್ತಿಗೆ ತೋರಿಸಲು ಬರೆದವು ಎಂಬುದು ನೆನಪಿರಲಿ. ಒಳಗಿನ ಮಾತು ಪತ್ರ ವ್ಯವಹಾರದಲ್ಲಿದೆ.

ಮೂಲನಿವಾಸಿಗಳನ್ನು ಇಲ್ಲವಾಗಿಸುವುದೇ ನೀತಿಯಾಗಿತ್ತು ಎನ್ನುತ್ತಾರೆ. ಅದಕ್ಕೆ ಬರವಣಿಗೆಯ ಸಾಕ್ಷಿ ಇದೆಯೇ?

ಇದೆ, ಬಚ್ಚಿಟ್ಟದ್ದೂ ಅಲ್ಲ. ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ 1913ರಿಂದ 1932ರವರೆಗೆ ಇಲಾಖೆಯ ಅತ್ಯುನ್ನತ ಅಧಿಕಾರಿಯಾಗಿದ್ದರು. 1920ರಲ್ಲಿ ಸಂಸತ್ತಿನ ವಿಶೇಷ ಸಮಿತಿಯ ಮುಂದೆ ಇಂಡಿಯನ್ ಕಾಯ್ದೆಯ ತಿದ್ದುಪಡಿಯನ್ನು ಸಮರ್ಥಿಸುತ್ತ ಅವರು, ಇಂಡಿಯನ್ ಸಮಸ್ಯೆಯಿಂದ ಮುಕ್ತರಾಗಬೇಕು ಎಂದರು. ಸಮಾಜದೊಳಗೆ ಕರಗದ ಒಬ್ಬನೇ ಒಬ್ಬ ಇಂಡಿಯನ್ ಕೂಡ ಕೆನಡಾದಲ್ಲಿ ಉಳಿಯದಂತಾಗುವವರೆಗೆ, ಇಂಡಿಯನ್ ಪ್ರಶ್ನೆಯೂ ಇಂಡಿಯನ್ ಇಲಾಖೆಯೂ ಇಲ್ಲವಾಗುವವರೆಗೆ ಈ ಕೆಲಸ ಮುಂದುವರಿಸುವುದೇ ತಮ್ಮ ಗುರಿ ಎಂದರು. ಆರ್‌ಜಿ 10ರ 6810ನೇ ಸಂಪುಟ, ಕಡತ 470-2-3, ಭಾಗ 7ರಲ್ಲಿ ಆ ಮಾತು ಬೆರಳಚ್ಚಾಗಿ ಕುಳಿತಿದೆ. ಅದೇ ವರ್ಷದ ತಿದ್ದುಪಡಿ 7ರಿಂದ 15 ವರ್ಷದ ಮಕ್ಕಳ ಶಾಲಾ ಹಾಜರಾತಿಯನ್ನು ಕಡ್ಡಾಯ ಮಾಡಿತು.

ಬಾಯಿಮಾತಿನಲ್ಲಿ ಹೇಳಿ ಮುಗಿಸಿದ್ದರೆ ಇದನ್ನು ಅಲ್ಲಗಳೆಯಬಹುದಿತ್ತು. ಆದರೆ ತಾನು ಮಾಡುತ್ತಿರುವುದು ಸರಿ ಎಂದು ನಂಬಿದ ಆಡಳಿತ ಏನನ್ನೂ ಮುಚ್ಚಿಡುವ ಗೋಜಿಗೆ ಹೋಗುವುದಿಲ್ಲ. ಪಶ್ಚಿಮ ಕರಾವಳಿಯ ಜನ ಉಡುಗೊರೆ ಹಂಚಿ ನಡೆಸುವ ಪೊಟ್‌ಲ್ಯಾಚ್ ಸಮಾರಂಭವನ್ನು 1885ರಿಂದ ಅಪರಾಧವಾಗಿಸಿದ್ದು, ಭೂಮಿಯ ಹಕ್ಕಿಗಾಗಿ ದಾವೆ ಹೂಡಲು ಹಣ ಸಂಗ್ರಹಿಸುವುದನ್ನು 1927ರಲ್ಲಿ ನಿಷೇಧಿಸಿದ್ದು, ಎರಡೂ ಮುದ್ರಿತ ಕಾನೂನಿನಲ್ಲೇ ಇವೆ. ಎರಡನ್ನೂ ಕೈಬಿಟ್ಟದ್ದು 1951ರಲ್ಲಿ.

ವಸತಿ ಶಾಲೆಗಳ ಕಡತಗಳಲ್ಲಿ ಏನು ಸಿಗುತ್ತದೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸುಮಾರು 1,50,000 ಮೂಲನಿವಾಸಿ ಮಕ್ಕಳು ಮನೆಯಿಂದ ದೂರ ಈ ಶಾಲೆಗಳಲ್ಲಿ ಬೆಳೆದರು. ಶಾಲೆಗಳನ್ನು ನಡೆಸುತ್ತಿದ್ದುದು ಚರ್ಚುಗಳು, ಹಣ ಸರ್ಕಾರದ್ದು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ.

ಪ್ರವೇಶ ಅರ್ಜಿ, ವೈದ್ಯರ ತಪಾಸಣಾ ಪತ್ರ, ಇನ್‌ಸ್ಪೆಕ್ಟರನ ವರದಿ, ಕಟ್ಟಡದ ನಕ್ಷೆ, ಓಡಿಹೋದ ಮಕ್ಕಳನ್ನು ಹಿಡಿದು ತಂದ ಪೊಲೀಸರ ಖರ್ಚಿನ ಬಿಲ್ಲು, ಇವೆಲ್ಲ ಸಿಗುತ್ತವೆ. ಆದರೆ ಅತಿ ಮುಖ್ಯವಾದದ್ದು ತ್ರೈಮಾಸಿಕ ಪಟ್ಟಿ. ಅಗಲವಾದ ಹಾಳೆ, ಅಡ್ಡಗೆರೆ ಉದ್ದಗೆರೆ. ಮೊದಲ ಅಂಕಣದಲ್ಲಿ ಮಗುವಿನ ಸಂಖ್ಯೆ, ಆಮೇಲೆ ಶಾಲೆ ಇಟ್ಟ ಇಂಗ್ಲಿಷ್ ಅಥವಾ ಫ್ರೆಂಚ್ ಹೆಸರು, ವಯಸ್ಸು, ತರಗತಿ, ಹಾಜರಾದ ದಿನಗಳು, ಕೊನೆಗೆ ಷರಾ. ಮನೆಯಲ್ಲಿ ತಾಯಿ ಕರೆಯುತ್ತಿದ್ದ ಹೆಸರಿಗೆ ಅಂಕಣವಿಲ್ಲ.

ಈ ಪಟ್ಟಿ ಏಕೆ ಇಷ್ಟು ಅಚ್ಚುಕಟ್ಟಾಗಿದೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ಉತ್ತರ ಲೆಕ್ಕಪತ್ರದಲ್ಲಿದೆ. 1892ರಿಂದ ಸರ್ಕಾರ ಶಾಲೆಗಳಿಗೆ ತಲೆವಾರು ಅನುದಾನ ಕೊಡತೊಡಗಿತು: ಎಷ್ಟು ಮಕ್ಕಳೋ ಅಷ್ಟು ಹಣ. ಪಟ್ಟಿ ಹುಟ್ಟಿದ್ದು ಆ ಹಣದ ಬಟವಾಡೆಗೆ. ಒಂದು ತ್ರೈಮಾಸಿಕದಲ್ಲಿ ಹಾಜರಿ ಹಾಕಿದ ಮಗು ಮುಂದಿನದರಲ್ಲಿ ಕಾಣದೇ ಹೋದರೆ, ಅನುದಾನದ ಲೆಕ್ಕ ಬದಲಾದದ್ದಕ್ಕೆ ಕಾರಣವಾಗಿ ಷರಾದಲ್ಲಿ ಒಂದೇ ಒಂದು ಪದ: ಬಿಡುಗಡೆ, ಅಥವಾ ಮರಣ. ಕೆಲವು ಹಾಳೆಗಳಲ್ಲಿ ಅದೂ ಇಲ್ಲ, ಸಾಲೇ ಮಾಯವಾಗಿದೆ. ಹೀಗಾಗಿ ಈ ಪಟ್ಟಿಗಳನ್ನು ಓದುವವರು ಒಂದು ಹಾಳೆಯನ್ನು ಓದಿ ನಿಲ್ಲಿಸಬಾರದು. ಒಂದರ ಪಕ್ಕ ಒಂದನ್ನು ಇಟ್ಟು, ಯಾವ ಸಂಖ್ಯೆ ಎಲ್ಲಿ ನಿಂತಿತು ಎಂದು ಬೆರಳಿಟ್ಟು ನೋಡಬೇಕು.

ಮಕ್ಕಳು ಸಾಯುತ್ತಿದ್ದುದು ಸರ್ಕಾರಕ್ಕೆ ತಿಳಿದಿತ್ತೇ?

ತಿಳಿದಿತ್ತು. ಇಲಾಖೆಯ ಮುಖ್ಯ ವೈದ್ಯಾಧಿಕಾರಿ ಪೀಟರ್ ಹೆಂಡರ್ಸನ್ ಬ್ರೈಸ್ 1907ರಲ್ಲಿ ಪಶ್ಚಿಮದ ಹುಲ್ಲುಗಾವಲಿನ ನಾಡಾದ ಪ್ರೇರಿ ಪ್ರಾಂತ್ಯಗಳ 35 ಶಾಲೆಗಳ ಬಗ್ಗೆ ವರದಿ ಕೊಟ್ಟರು. ಗಾಳಿಯಾಡದ ಮಲಗುವ ಕೋಣೆಗಳು, ಕ್ಷಯ ತಗುಲಿದ ಮಕ್ಕಳ ಪಕ್ಕದಲ್ಲೇ ಆರೋಗ್ಯವಂತ ಮಕ್ಕಳ ಹಾಸಿಗೆ. ಮಾಹಿತಿ ಸಿಕ್ಕ 1,537 ವಿದ್ಯಾರ್ಥಿಗಳಲ್ಲಿ ಶೇ 25ರಷ್ಟು ಮಂದಿ ತೀರಿಹೋಗಿದ್ದರು. ಪೂರ್ತಿ ಕರಾರುವಾಕ್ಕಾಗಿ ಲೆಕ್ಕ ಕೊಟ್ಟ ಒಂದು ಶಾಲೆಯಲ್ಲಿ, ಶಾಲೆ ಬಿಟ್ಟವರ ಪೈಕಿ ಶೇ 69ರಷ್ಟು ಮಂದಿ ಬದುಕಿರಲಿಲ್ಲ. ವರದಿ ಪತ್ರಿಕೆಗಳಿಗೂ ತಲುಪಿತು. ಶಾಲೆಗಳನ್ನು ಸುಧಾರಿಸಲು ಬ್ರೈಸ್ ಕೊಟ್ಟ ಸಲಹೆಗಳನ್ನು ಇಲಾಖೆ ಕೈಗೆತ್ತಿಕೊಳ್ಳಲಿಲ್ಲ. ನಿವೃತ್ತಿಯ ನಂತರ, 1922ರಲ್ಲಿ, ಬ್ರೈಸ್ ಇದನ್ನು ರಾಷ್ಟ್ರೀಯ ಅಪರಾಧ ಎಂದೇ ಕರೆದು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು.

ವಸತಿ ಶಾಲೆಗಳ ಬಗ್ಗೆ ತನಿಖೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2008ರಿಂದ 2015ರವರೆಗೆ ಕೆಲಸ ಮಾಡಿ ಸುಮಾರು 3,200 ಸಾವುಗಳನ್ನು ಗುರುತಿಸಿತು. ಆಮೇಲಿನ ಶೋಧದಿಂದ ಆ ಸಂಖ್ಯೆ 4,000 ದಾಟಿದೆ. ಆಯೋಗ ಕಂಡುಕೊಂಡ ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಲಕುತ್ತದೆ. ಆ 3,200ರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳ ಹೆಸರನ್ನೇ ಯಾರೂ ಬರೆದಿಟ್ಟಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಸಾವುಗಳಿಗೆ ಕಾರಣ ನಮೂದಾಗಿಲ್ಲ. ಗಂಡೋ ಹೆಣ್ಣೋ ಎಂದೂ ಬರೆಯದವು ಸುಮಾರು ಕಾಲು ಭಾಗ. ಶವವನ್ನು ಊರಿಗೆ ಕಳುಹಿಸಲು ಖರ್ಚಾಗುತ್ತದೆಂದು ಇಲಾಖೆ ಅದನ್ನು ವಿರೋಧಿಸುತ್ತಿತ್ತು, ಹಾಗಾಗಿ ಶಾಲೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಎಷ್ಟೋ ತಂದೆತಾಯಿಯರಿಗೆ ಸುದ್ದಿ ಕೂಡ ಹೋಗಲಿಲ್ಲ.

ಕಡತಗಳನ್ನು ಬೇಕೆಂದೇ ನಾಶ ಮಾಡಿದರು ಎಂಬುದು ನಿಜವೇ?

ನಾಶವಾದದ್ದು ನಿಜ, ದೊಡ್ಡ ಪ್ರಮಾಣದಲ್ಲಿ. ಶಾಲಾ ಪಟ್ಟಿಗಳನ್ನು 5 ವರ್ಷದ ನಂತರ, ಅಪಘಾತದ ವರದಿಗಳನ್ನು 10 ವರ್ಷದ ನಂತರ ತೆಗೆದುಹಾಕಬಹುದು ಎಂದು 1935ರಲ್ಲಿ ಒಕ್ಕೂಟ ಸರ್ಕಾರ ನಿಯಮ ಮಾಡಿತು. 15 ಟನ್ ಕಾಗದ ರದ್ದಿಗೆ ಹೋಯಿತು. 1936ರಿಂದ 1944ರ ನಡುವೆ ಇಂಡಿಯನ್ ವ್ಯವಹಾರಗಳ 2,00,000 ಕಡತಗಳು ಇಲ್ಲವಾದವು. ಆಯೋಗವೇ ತನ್ನ ವರದಿಯಲ್ಲಿ ದಾಖಲಿಸಿದ ಅಂಕಿ ಇದು.

ಇದರ ಹಿಂದೆ ಸಾಕ್ಷಿ ಅಳಿಸುವ ಸಂಚಿತ್ತೇ ಎಂದು ಓದುಗರು ಕೇಳುತ್ತಾರೆ. ಹಳೆಯ ಕಾಗದ ವಿಲೇವಾರಿ ಮಾಡುವುದು ಎಲ್ಲ ಇಲಾಖೆಗಳ ವಾಡಿಕೆ. ಇಲ್ಲಿ ಸುಟ್ಟದ್ದು, ಹರಿದದ್ದು ಮಾತ್ರ ಮಕ್ಕಳ ಬದುಕಿನ ಏಕೈಕ ಲಿಖಿತ ಗುರುತಾಗಿತ್ತು. ಮಗುವನ್ನು ಮನೆಯಿಂದ ಕಿತ್ತೊಯ್ದ ಸರ್ಕಾರಕ್ಕೆ ಆ ಮಗುವಿನ ಹಾಳೆಯನ್ನು ಕಾಯುವ ಹೊಣೆ ಬೇರೆ ಯಾರಿಗಿಂತಲೂ ಹೆಚ್ಚಾಗಿತ್ತು. ಸಂಚು ಸಾಬೀತಾಗಲಿ ಬಿಡಲಿ, ಆ ಹೊಣೆ ತಪ್ಪಿದ್ದು ಸಾಬೀತಾಗಿದೆ.

ಉಳಿದವನ್ನು ಪಡೆಯುವುದೂ ಸುಲಭವಾಗಲಿಲ್ಲ. ಪತ್ರಾಗಾರದಲ್ಲಿರುವ ಸಂಬಂಧಪಟ್ಟ ದಾಖಲೆಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯವೋ ಅಲ್ಲವೋ ಎಂಬುದಕ್ಕೆ ಆಯೋಗ ನ್ಯಾಯಾಲಯಕ್ಕೇ ಹೋಗಬೇಕಾಯಿತು. 2013ರ ಜನವರಿಯಲ್ಲಿ ಒಂಟಾರಿಯೊದ ಉನ್ನತ ನ್ಯಾಯಾಲಯ, ಅದು ಸರ್ಕಾರದ ಕರ್ತವ್ಯವೇ ಎಂದಿತು.

ಪಾಸ್ ಪದ್ಧತಿಗೆ ದಾಖಲೆ ಇದೆಯೇ?

ಸ್ವಲ್ಪವೇ ಇದೆ. ಮೇಟಿ ಮತ್ತು ಕೆಲವು ಮೂಲನಿವಾಸಿಗಳು ಸರ್ಕಾರದ ವಿರುದ್ಧ ಎದ್ದ 1885ರ ವಾಯವ್ಯ ದಂಗೆಯ ನಂತರ ಇಲಾಖೆಯ ಅಧಿಕಾರಿ ಹೇಟರ್ ರೀಡ್ ಸೂಚಿಸಿದಂತೆ, ಪಶ್ಚಿಮದ ಮೀಸಲು ಪ್ರದೇಶಗಳಿಂದ ಹೊರಗೆ ಹೋಗುವವರು ಏಜೆಂಟನಿಂದ ಚೀಟಿ ಪಡೆಯಬೇಕಾಯಿತು. ಹೆಸರು, ಹೋಗುವ ಊರು, ಎಷ್ಟು ದಿನ, ಏನು ಕೆಲಸ. ಯಾವ ಕಾಯ್ದೆಯೂ ಇದಕ್ಕೆ ಅಧಿಕಾರ ಕೊಟ್ಟಿರಲಿಲ್ಲ, ಅದು ಒಟ್ಟಾವಾಕ್ಕೂ ಗೊತ್ತಿತ್ತು. ಚೀಟಿಗಳು ಬೆರಳೆಣಿಕೆಯಷ್ಟು ಉಳಿದಿವೆ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಅಧಿಕಾರಿಗಳ ಪರಸ್ಪರ ಪತ್ರಗಳಲ್ಲಿದೆ, ಇನ್ನೂ ಹೆಚ್ಚಿನದು ಅಜ್ಜ ಅಜ್ಜಿಯರ ನೆನಪಿನಲ್ಲಿದೆ.

ಕುಟುಂಬದ ಹಿರಿಯರನ್ನು ಹುಡುಕುವವರಿಗೆ ಯಾವ ದಾಖಲೆ ಹೆಚ್ಚು ನೆರವಾಗುತ್ತದೆ?

ವರ್ಷಾಶನದ ಬಟವಾಡೆ ಪಟ್ಟಿ. 1871ರಿಂದ 1921ರವರೆಗೆ ಕೆನಡಾ ಮೂಲನಿವಾಸಿಗಳೊಂದಿಗೆ 1ರಿಂದ 11ರವರೆಗೆ ಸಂಖ್ಯೆಯಿಟ್ಟ ಒಪ್ಪಂದಗಳನ್ನು ಮಾಡಿಕೊಂಡಿತು. ಅಪಾರ ನೆಲಕ್ಕೆ ಪ್ರತಿಯಾಗಿ ಮೀಸಲು ಭೂಮಿ, ಶಾಲೆ, ಬೇಟೆಯ ಹಕ್ಕು ಇತ್ಯಾದಿಗಳ ಜೊತೆ ಒಬ್ಬೊಬ್ಬರಿಗೆ ವರ್ಷಕ್ಕೆ ಇಂತಿಷ್ಟು ಹಣದ ಭರವಸೆಯಿತ್ತು. ಹೆಚ್ಚಿನ ಒಪ್ಪಂದಗಳಲ್ಲಿ 5 ಡಾಲರ್. ಆ 5 ಡಾಲರ್ ಇಂದಿಗೂ 5 ಡಾಲರ್ ಆಗಿಯೇ ಉಳಿದಿದೆ.

ಬಟವಾಡೆಯ ದಿನ ಏಜೆಂಟ್ ಕುಟುಂಬದ ಯಜಮಾನನ ಹೆಸರು ಬರೆದು, ಎದುರಿಗೆ ಗಂಡಸರೆಷ್ಟು, ಹೆಂಗಸರೆಷ್ಟು, ಹುಡುಗರು ಹುಡುಗಿಯರೆಷ್ಟು ಎಂದು ನಮೂದಿಸುತ್ತಿದ್ದ. ಮಗು ಹುಟ್ಟಿದರೆ ಒಂದು ಅಂಕಿ ಏರುತ್ತದೆ, ಯಾರಾದರೂ ತೀರಿಕೊಂಡರೆ ಇಳಿಯುತ್ತದೆ, ಮಗಳು ಮದುವೆಯಾಗಿ ಬೇರೆ ಬ್ಯಾಂಡಿಗೆ (ಸರ್ಕಾರ ಗುರುತಿಸಿದ ಸಮುದಾಯ ಗುಂಪು) ಹೋದರೆ ಷರಾದಲ್ಲಿ ಆ ಬ್ಯಾಂಡಿನ ಹೆಸರು ಬರುತ್ತದೆ. ಹೆಂಡತಿಯ ಹೆಸರು, ಮಕ್ಕಳ ಹೆಸರು ಅಪರೂಪ. ಹಾಗಿದ್ದರೂ ವರ್ಷದಿಂದ ವರ್ಷಕ್ಕೆ ಕುಟುಂಬಕ್ಕೆ ಕೊಟ್ಟ ಟಿಕೆಟ್ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಮನೆತನದ ನಾಲ್ಕೈದು ತಲೆಮಾರು ಸಿಗುತ್ತದೆ.

ಹೆಸರಿನ ಕಾಗುಣಿತವನ್ನು ಮಾತ್ರ ನಂಬಬೇಡಿ. ಕ್ರೀ ಅಥವಾ ಅನಿಶಿನಾಬೆ ಭಾಷೆಯ ಹೆಸರನ್ನು ಏಜೆಂಟ್ ತನ್ನ ಕಿವಿಗೆ ಬಿದ್ದಂತೆ ಬರೆದ. ಮುಂದಿನ ಏಜೆಂಟ್ ಅದನ್ನು ಇಂಗ್ಲಿಷಿಗೆ ಅನುವಾದಿಸಿದ. ಪಾದ್ರಿ ಬೇರೊಂದು ಹೆಸರಿಟ್ಟ. ಒಬ್ಬನೇ ಮನುಷ್ಯ ಮೂರು ಹೆಸರಿನಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ.

ಮೇಟಿ ಜನರ ದಾಖಲೆಗಳು ಬೇರೆಡೆ ಇವೆ. ಅವರಿಗೆ ಜಮೀನಿಗೆ ಬದಲಾಗಿ ಸ್ಕ್ರಿಪ್ ಎಂಬ ಪತ್ರ ಕೊಟ್ಟರು. ಅದರ ಅರ್ಜಿಗಳು ಆರ್‌ಜಿ 15ರಲ್ಲಿ, ಅಂದರೆ ಒಳಾಡಳಿತ ಖಾತೆಯ ಕಡತಗಳಲ್ಲಿ ಸಿಗುತ್ತವೆ. ಹುಟ್ಟಿದ ಊರು, ತಂದೆತಾಯಿಯ ಹೆಸರುಗಳೆಲ್ಲ ಅರ್ಜಿಯಲ್ಲಿರುವುದರಿಂದ ವಂಶ ಹುಡುಕುವವರಿಗೆ ಅವು ಬಹಳ ಉಪಯುಕ್ತ.

ಮದುವೆಯಾದ ಮೇಲೆ ನಮ್ಮ ಅಜ್ಜಿಯ ಹೆಸರು ಪಟ್ಟಿಯಿಂದ ಕಾಣೆಯಾಗಿದೆ ಎಂದು ಅಲ್ಲಿನವರು ಹೇಳುತ್ತಾರೆ. ಏಕೆ?

ಬಹುಶಃ ಆಕೆ ‘ಇಂಡಿಯನ್’ ಅಲ್ಲದವನನ್ನು ಮದುವೆಯಾಗಿರಬೇಕು. 1869ರ ಕಾನೂನಿನಿಂದ 1985ರ ತಿದ್ದುಪಡಿಯವರೆಗೆ ಹಾಗೆ ಮದುವೆಯಾದ ಹೆಣ್ಣು ಕಾನೂನಿನಲ್ಲಿ ‘ಇಂಡಿಯನ್’ ಎಂಬ ತನ್ನ ಸ್ಥಾನಮಾನವನ್ನೂ ಹುಟ್ಟಿದೂರಿನಲ್ಲಿ ಬಾಳುವ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದಳು, ಅವಳ ಮಕ್ಕಳಿಗೂ ಅದು ಸಿಗುತ್ತಿರಲಿಲ್ಲ. ಗಂಡಸು ಹೊರಗಿನವಳನ್ನು ಮದುವೆಯಾದರೆ ಅವಳಿಗೇ ಸ್ಥಾನಮಾನ ಬರುತ್ತಿತ್ತು. ಇಂದು ಮೊಮ್ಮಕ್ಕಳು ಅದನ್ನು ಮರಳಿ ಪಡೆಯಲು ಅರ್ಜಿ ಹಾಕುವಾಗ, ಅಜ್ಜಿಯ ಹೆಸರು ತೆಗೆದುಹಾಕಿದ ಆ ಹಾಳೆಯೇ ಅವರಿಗೆ ಆಧಾರ.

ಯಾರು ಬೇಕಾದರೂ ಈ ಕಡತಗಳನ್ನು ನೋಡಬಹುದೇ?

ಹಳೆಯವನ್ನು ನೋಡಬಹುದು. ಹತ್ತಿರದ ಕಾಲದವಕ್ಕೆ 1983ರಲ್ಲಿ ಜಾರಿಗೆ ಬಂದ ಮಾಹಿತಿ ಕಾಯ್ದೆ ಮತ್ತು ಖಾಸಗಿತನ ಕಾಯ್ದೆಗಳು ಅನ್ವಯಿಸುತ್ತವೆ. ವ್ಯಕ್ತಿ ತೀರಿಕೊಂಡು 20 ವರ್ಷ ದಾಟಿದ್ದರೆ ಅವರ ಮಾಹಿತಿಗೆ ಖಾಸಗಿತನದ ರಕ್ಷಣೆ ಇರುವುದಿಲ್ಲ. ಆದರೆ ಮರಣವನ್ನು ರುಜುವಾತು ಮಾಡುವ ಹೊಣೆ ಕೇಳುವವರ ಮೇಲೆ ಬೀಳುತ್ತದೆ. ಮರಣವನ್ನೇ ದಾಖಲಿಸದ ಶಾಲೆಗಳ ವಿಷಯದಲ್ಲಿ ಇದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಹಕ್ಕು, ವ್ಯಾಜ್ಯಗಳ ಸಂಶೋಧನೆಗಾಗಿ ಮೂಲನಿವಾಸಿ ಸಮುದಾಯಗಳಿಗೆ ಖಾಸಗಿತನ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ವಿಶೇಷ ಅವಕಾಶವಿದೆ.

ವಸತಿ ಶಾಲೆಯಲ್ಲಿ ಓದಿದವರು ಮತ್ತು ಅವರ ಕುಟುಂಬದವರು ಹೋಗಬೇಕಾದ ಜಾಗ ವಿನ್ನಿಪೆಗ್ಗಿನ ಮ್ಯಾನಿಟೋಬ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಸತ್ಯ ಮತ್ತು ಸಾಮರಸ್ಯ ಕೇಂದ್ರ. ಆಯೋಗ ಸಂಗ್ರಹಿಸಿದ ದಾಖಲೆಗಳು, ಹೇಳಿಕೆಗಳು 2015ರಿಂದ ಅಲ್ಲಿವೆ.

ಸಂತ್ರಸ್ತರು ಕೊಟ್ಟ ಹೇಳಿಕೆಗಳನ್ನು ನಾಶ ಮಾಡುತ್ತಾರಂತೆ. ಇದು ಅನ್ಯಾಯವಲ್ಲವೇ?

ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ವಸತಿ ಶಾಲೆಗಳಲ್ಲಿ ದೈಹಿಕ, ಲೈಂಗಿಕ ದೌರ್ಜನ್ಯ ಅನುಭವಿಸಿದವರ ಪರಿಹಾರಕ್ಕಾಗಿ ಪ್ರತ್ಯೇಕ ವಿಚಾರಣಾ ವ್ಯವಸ್ಥೆಯೊಂದಿತ್ತು. 38,000ಕ್ಕೂ ಹೆಚ್ಚು ಮಂದಿ ಅರ್ಜಿ ಸಲ್ಲಿಸಿದರು. ಮುಚ್ಚಿದ ಕೋಣೆಯಲ್ಲಿ, ಗೋಪ್ಯವಾಗಿರುತ್ತದೆ ಎಂಬ ಮಾತಿನ ಮೇಲೆ, ಗಂಡ ಹೆಂಡತಿಗೆ ಹೇಳದ್ದನ್ನು, ಮಕ್ಕಳಿಗೆ ಹೇಳದ್ದನ್ನು ಅಲ್ಲಿ ಹೇಳಿದರು. ಹೆಸರಿಸಿದ ಪೀಡಕರಲ್ಲಿ ಕೆಲವರು ಜೊತೆಗೇ ಓದಿದ ಮಕ್ಕಳು, ಅದೇ ಊರಿನವರು.

ಇವುಗಳನ್ನು ಸರ್ಕಾರಿ ದಾಖಲೆಯೆಂದು ಪತ್ರಾಗಾರದಲ್ಲಿ ಇಡಬೇಕು ಎಂದು ಸರ್ಕಾರ ವಾದಿಸಿತು. 2017ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿ, ಹೇಳಿದವರಿಗೇ ಆಯ್ಕೆ ಬಿಟ್ಟುಕೊಟ್ಟ ಕೆಳ ನ್ಯಾಯಾಲಯದ ಆದೇಶವನ್ನು ಎತ್ತಿಹಿಡಿಯಿತು. ಉಳಿಸಬೇಕೆಂದು ಕೇಳಿಕೊಂಡವರ ಕಡತ ಉಳಿಯುತ್ತದೆ. ಉಳಿದವು ಸುರಕ್ಷಿತವಾಗಿದ್ದು 2027ರ ಸೆಪ್ಟೆಂಬರ್ 19ರಂದು ನಾಶವಾಗಬೇಕು ಎಂಬುದು ಅದರ ಸಾರ.

ಇತಿಹಾಸ ಬರೆಯುವವರಿಗೆ ಇದು ನಷ್ಟವೇ. ಆದರೆ 1936ರ ನಾಶಕ್ಕೂ ಇದಕ್ಕೂ ಅಜಗಜಾಂತರ. ಅಂದು ನಿರ್ಧರಿಸಿದ್ದು ಕಚೇರಿ. ಇಂದು ನಿರ್ಧರಿಸುವುದು, ಬಾಲ್ಯದಲ್ಲಿ ಯಾವುದಕ್ಕೂ ಒಪ್ಪಿಗೆ ಕೇಳಿಸಿಕೊಳ್ಳದೇ ಹೋದ ಆ ವ್ಯಕ್ತಿಯೇ. ಯೋಚಿಸಿದಷ್ಟೂ ನನ್ನ ಮನಸ್ಸು ನ್ಯಾಯಾಲಯದ ಕಡೆಗೇ ವಾಲಿದೆ. ಉಳಿಸಿಕೊಳ್ಳುವ ಅವಕಾಶ ಇದೆ ಎಂಬ ಸುದ್ದಿ ಪ್ರತಿಯೊಬ್ಬರಿಗೂ ತಲುಪಬೇಕು ಎಂಬುದಷ್ಟೇ ನನ್ನ ಕಳಕಳಿ. ಅರ್ಜಿ ಸಲ್ಲಿಸಿದವರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ.

ಕಡತ ಒಂದು ಹೇಳುತ್ತದೆ, ಸಮುದಾಯದ ಹಿರಿಯರು ಇನ್ನೊಂದು ಹೇಳುತ್ತಾರೆ. ಯಾವುದನ್ನು ನಂಬಬೇಕು?

ಬರೆದದ್ದೇ ನಿಜ ಎಂಬ ನಂಬಿಕೆಯನ್ನು ಅಲುಗಿಸಲು 9ನೇ ಒಪ್ಪಂದದ ಉದಾಹರಣೆ ಸಾಕು. 1905ರಲ್ಲಿ ಉತ್ತರ ಒಂಟಾರಿಯೊದ ನದಿಗಳಲ್ಲಿ ದೋಣಿಯೇರಿ ಮೂವರು ಕಮಿಷನರುಗಳು ಹೊರಟರು. ಅವರಲ್ಲಿ ಒಬ್ಬರು ಮೇಲೆ ಹೇಳಿದ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್. ಚರ್ಮದ ಹಾಳೆಯ ಮೇಲೆ ಮೊದಲೇ ಬರೆದು ತಂದ ಒಪ್ಪಂದದಲ್ಲಿ ಜನ ತಮ್ಮ ನೆಲವನ್ನು ಪೂರ್ತಿಯಾಗಿ ಬಿಟ್ಟುಕೊಡುತ್ತಾರೆ ಎಂದಿತ್ತು, ಬೇಟೆ ಮತ್ತು ಮೀನುಗಾರಿಕೆ ಸರ್ಕಾರದ ನಿಯಮಗಳಿಗೆ ಒಳಪಟ್ಟಿತ್ತು. ಕ್ರೀ ಮತ್ತು ಓಜಿಬ್ವೆ ಹಿರಿಯರು ಮಾತ್ರ ತಲೆಮಾರುಗಳಿಂದ ಹೇಳುತ್ತ ಬಂದದ್ದು ಬೇರೆ: ಹಿಂದಿನಂತೆಯೇ ಬೇಟೆಯಾಡಬಹುದು, ಮೀನು ಹಿಡಿಯಬಹುದು ಎಂದು ನಮಗೆ ಮಾತು ಕೊಟ್ಟರು.

ಮೂವರಲ್ಲಿ ಇನ್ನೊಬ್ಬರಾದ ಡೇನಿಯಲ್ ಮ್ಯಾಕ್‌ಮಾರ್ಟಿನ್, ಒಂಟಾರಿಯೊ ಪ್ರಾಂತ್ಯದ ಪ್ರತಿನಿಧಿ, ದಾರಿಯುದ್ದಕ್ಕೂ ದಿನಚರಿ ಬರೆದಿದ್ದರು. ಅದು ಕಿಂಗ್ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿತ್ತು. ಹಳೆಯ ಕಾಲದಂತೆ ಬೇಟೆಯಾಡಲು, ಮೀನು ಹಿಡಿಯಲು ಅವಕಾಶವಿರುತ್ತದೆ ಎಂದು ಜನರಿಗೆ ಬಾಯಿಮಾತಿನಲ್ಲಿ ವಿವರಿಸಿದ್ದು ಅದರಲ್ಲಿದೆ. ಹಿರಿಯರ ನೆನಪು ಸರಿಯಾಗಿತ್ತು. ಆದರೆ ಅದನ್ನು ನಂಬಲು ಹೊರಗಿನವರಿಗೆ ಬಿಳಿಯ ಅಧಿಕಾರಿಯೊಬ್ಬನ ಕೈಬರಹ ಸಿಗುವವರೆಗೂ ಕಾಯಬೇಕಾಯಿತು ಎಂಬುದೇ ನೋವಿನ ಸಂಗತಿ.

ನ್ಯಾಯಾಲಯಗಳು ಈಗ ಅಷ್ಟು ಕಾಯುವುದಿಲ್ಲ. 1997ರ ಡೆಲ್ಗಮೂಕ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಗೆ ಸಮನಾಗಿ ತೂಗಿ ನೋಡಬೇಕು ಎಂದಿತು. ಎರಡನ್ನೂ ಜೊತೆಗಿಟ್ಟು ಓದುವುದೇ ನಾನು ಕೊಡುವ ಸಲಹೆ. ಕಡತದಲ್ಲಿ ‘ಪೋಷಕರು ಸಂತೋಷದಿಂದ ಒಪ್ಪಿದರು’ ಎಂಬಂಥ ಸಾಲು ಕಂಡರೆ, ಬರೆದವನಿಗೆ ಹಾಗೆ ಬರೆಯುವುದರಿಂದ ಏನು ಲಾಭವಿತ್ತು ಎಂದು ಒಮ್ಮೆ ಕೇಳಿಕೊಳ್ಳಿ. ಒಪ್ಪದಿದ್ದರೆ ಪಡಿತರ ನಿಲ್ಲುತ್ತಿತ್ತೇ, ದಂಡ ಬೀಳುತ್ತಿತ್ತೇ ಎಂಬುದು ಅದೇ ಕಡತದ ಇನ್ನೊಂದು ಪತ್ರದಲ್ಲಿರಬಹುದು.

ಈ ಕಡತಗಳು ಯಾರ ಸ್ವತ್ತು?

ಕಾನೂನಿನ ಪ್ರಕಾರ ಸರ್ಕಾರದ್ದು. ಮೂಲನಿವಾಸಿಗಳ ಪ್ರಶ್ನೆ ಸರಳವಾಗಿದೆ: ನಮ್ಮನ್ನು ಕೇಳದೆ ನಮ್ಮ ಬಗ್ಗೆ ಬರೆದುಕೊಂಡದ್ದು ನಿಮ್ಮದು ಹೇಗೆ? ಫಸ್ಟ್ ನೇಷನ್ಸ್ ಸಮುದಾಯಗಳು 1998ರಲ್ಲಿ ತಮ್ಮ ಮಾಹಿತಿಯ ಒಡೆತನ, ನಿಯಂತ್ರಣ, ಅದನ್ನು ನೋಡುವ ಅವಕಾಶ, ಸ್ವಾಧೀನ ಎಂಬ ನಾಲ್ಕು ತತ್ವಗಳನ್ನು ಮುಂದಿಟ್ಟವು. ಆಯೋಗದ 94 ಶಿಫಾರಸುಗಳಲ್ಲಿ 69 ಮತ್ತು 70ನೆಯವು ಪತ್ರಾಗಾರಗಳ ಬಗ್ಗೆಯೇ ಇವೆ. ಏನು ನಡೆಯಿತು, ಏಕೆ ನಡೆಯಿತು ಎಂಬ ಸತ್ಯವನ್ನು ತಿಳಿಯುವ ಹಕ್ಕು ಮೂಲನಿವಾಸಿಗಳಿಗೆ ಇದೆ ಎಂದು ಅವು ಹೇಳುತ್ತವೆ. ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಹಾಕುವುದು ಯಾವಾಗಲೂ ಉಪಕಾರವಲ್ಲ. ಗೋಪ್ಯವಾಗಿ ನಡೆಯಬೇಕಾದ ಆಚರಣೆಯ ಚಿತ್ರವೋ ಬದುಕಿರುವವರ ವೈದ್ಯಕೀಯ ವಿವರವೋ ಅದರಲ್ಲಿದ್ದರೆ, ಮೊದಲು ಆ ಸಮುದಾಯವನ್ನು ಕೇಳಬೇಕು.

ಛಾಯಾಚಿತ್ರಗಳ ಕತೆ ಏನು? ಅವುಗಳಲ್ಲಿ ಇರುವವರು ಯಾರೆಂದು ತಿಳಿಯುತ್ತದೆಯೇ?

ಉತ್ತರದ ಇನ್ಯುಯಿಟ್ ಜನರ ಸಾವಿರಾರು ಚಿತ್ರಗಳು ಪತ್ರಾಗಾರದಲ್ಲಿವೆ. ತೆಗೆದವರು ಸರ್ಕಾರಿ ಅಧಿಕಾರಿಗಳು, ವೈದ್ಯರು, ಪ್ರಯಾಣಿಕರು. ಬಹುತೇಕ ಚಿತ್ರಗಳ ಕೆಳಗೆ ಛಾಯಾಗ್ರಾಹಕನ ಹೆಸರಿದೆ, ಹಡಗಿನ ಹೆಸರಿದೆ, ಚಿತ್ರದಲ್ಲಿರುವವರ ಹೆಸರಿಲ್ಲ.

ಇನ್ಯುಯಿಟ್ ಜನರಿಗೆ ಆಗ ಮನೆತನದ ಹೆಸರು ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಟ್ಟರೆ ಅವರು ಮತ್ತೆ ಮನೆಗೆ ಬಂದಂತೆ ಎಂದು ಬಾಳಿದ ಜನ. ಕಚೇರಿಗೆ ಇದು ತೊಡಕಾಯಿತು. 1941ರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಒಂದು ಸಣ್ಣ ದುಂಡು ಬಿಲ್ಲೆಯ ಮೇಲೆ ಅಚ್ಚು ಹಾಕಿ, ತೂತಿಗೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಹೇಳಿದರು. ಮುಂದಿನ ಅಕ್ಷರ ಪೂರ್ವಕ್ಕೆ ‘ಇ’, ಪಶ್ಚಿಮಕ್ಕೆ ‘ಡಬ್ಲ್ಯು’; ಆಮೇಲೆ ಜಿಲ್ಲೆಯ ಅಂಕಿ, ಆಮೇಲೆ ವ್ಯಕ್ತಿಯ ಅಂಕಿ. ಪತ್ರ, ಪಡಿತರ, ಆಸ್ಪತ್ರೆಯ ಚೀಟಿಯ ಮೇಲೆಲ್ಲ ಅದೇ. 1968ರಿಂದ 1971ರವರೆಗೆ ಏಬ್ ಒಕ್ಪಿಕ್ ಎಂಬ ಇನ್ಯುಯಿಟ್ ನಾಯಕರು ಊರಿಂದೂರಿಗೆ ತಿರುಗಿ ಜನರು ತಾವೇ ಆರಿಸಿದ ಮನೆತನದ ಹೆಸರುಗಳನ್ನು ಬರೆದುಕೊಂಡ ನಂತರ ಬಿಲ್ಲೆಗಳು ಮರೆಯಾದವು. ಆ ಕಾಲದ ಕಡತ ಹುಡುಕುವವರಿಗೆ ಇಂದಿಗೂ ಬಿಲ್ಲೆಯ ಸಂಖ್ಯೆಯೇ ಬೇಕು.

ಚಿತ್ರಗಳ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯ ಕೆಲಸ ನಡೆಯಿತು. 2000ದ ದಶಕದ ಆರಂಭದಲ್ಲಿ ಪತ್ರಾಗಾರ, ಒಟ್ಟಾವಾದಲ್ಲಿ ಓದುತ್ತಿದ್ದ, ಇನ್ಯುಯಿಟ್ ಪ್ರದೇಶವಾದ ನುನಾವುಟ್‌ನ ಯುವಜನರ ಜೊತೆ ಸೇರಿ ‘ಪ್ರಾಜೆಕ್ಟ್ ನೇಮಿಂಗ್’ ಶುರು ಮಾಡಿತು. ವಿದ್ಯಾರ್ಥಿಗಳು ಚಿತ್ರಗಳನ್ನು ಲ್ಯಾಪ್‌ಟಾಪ್‌ನಲ್ಲಿ ತುಂಬಿಕೊಂಡು ತಮ್ಮ ಊರುಗಳಿಗೆ ಹೋದರು, ಹಿರಿಯರ ಪಕ್ಕ ಕುಳಿತು ಒಂದೊಂದನ್ನೇ ತೋರಿಸಿದರು. ಹಿರಿಯರು ಪರದೆಗೆ ಕಣ್ಣು ಹತ್ತಿರ ತಂದು, ಇದು ನನ್ನ ಅಕ್ಕ, ಇದು ಅವಳ ಗಂಡ, ಬೆನ್ನಿಗೆ ಕಟ್ಟಿಕೊಂಡ ಮಗು ಇಂಥವಳು ಎಂದು ಹೆಸರಿಸಿದರು. ಆ ಹೆಸರುಗಳನ್ನು ಪತ್ರಾಗಾರ ತನ್ನ ಸೂಚಿಗೆ ಸೇರಿಸಿತು. ಈಗ ಯಾರಾದರೂ ಆ ಚಿತ್ರವನ್ನು ತೆರೆದರೆ, ‘ಎಸ್ಕಿಮೋ ಹೆಂಗಸು’ ಎಂಬ ಹಳೆಯ ಸಾಲಿನ ಜೊತೆಯಲ್ಲೇ ಆಕೆಯ ಹೆಸರು ಇರುತ್ತದೆ.